ಸತ್ತ ಸೆಲ್ಲಿನ ಡೆಡ್ ಸ್ಟೋರೇಜ್

ನಮ್ಮ ಅಜ್ಜಿಯ ಭಾಷೆಯಲ್ಲಿ ಬ್ಯಾಟ್ರಿ ಅಂದರೆ ಟಾರ್ಚು. ಅದರೊಳಗೆ ಹಾಕೋದು ಶೆಲ್ಲು. ಮೊದಲ ವರ್ಷ ಬೇಸಿಕ್ ಎಲೆಕ್ಟ್ರಿಕಲ್ ಓದುವಾಗ ಗೊತ್ತಾಯ್ತು, ಅಜ್ಜಿ ಹೇಳೋದೇ ಹೆಚ್ಚುಕಮ್ಮಿ ಸರಿ. ಒಂಟಿಯಾಗಿದ್ದರೆ ಅದು ಸೆಲ್, ಸಾಲಾಗಿ ಜೋಡಿಸಿದರೆ ಮಾತ್ರ ಬ್ಯಾಟರಿ. ಅಂಗಡಿಗೆ ಹೋಗಿ "ಒಂದು ಬ್ಯಾಟರಿ ಕೊಡಿ" ಅಂತ ಒಂದೇ ಸೆಲ್ ತರೋ ನಾವೇ ತಪ್ಪು.

ನಮ್ಮೂರು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಒಂದು ಮರ ಲೈನ್ ಮೇಲೆ ಬಿತ್ತು ಅಂದರೆ ಎರಡು ಮೂರು ದಿನ ಕರೆಂಟಿನ ಸುದ್ದಿಯೇ ಇರಲ್ಲ. ಅಂಗಡಿಗೆ ನಾಲ್ಕು ಕಿಲೋಮೀಟರ್. ಹಾಗಾಗಿ ನಮ್ಮನೇಲಿ ಶೆಲ್ಲಿಗೂ ಆಶ್ರಮಗಳಿವೆ. ಹೊಸದು ಟಾರ್ಚಿಗೆ. ಟಾರ್ಚು ಮಂಕಾದರೆ ರೇಡಿಯೋಗೆ. ರೇಡಿಯೋ ಗೊರಗೊರ ಅಂದರೆ ಗೋಡೆ ಗಡಿಯಾರಕ್ಕೆ. ಗಡಿಯಾರವೂ ನಿಂತರೆ ಅಂಗಳದ ಬಿಸಿಲಿಗೆ, ಅಡಿಕೆ ಪಕ್ಕದಲ್ಲೇ. ಬಿಸಿಲು ಕಂಡ ಶೆಲ್ಲು ಇನ್ನೊಂದೆರಡು ದಿನ ಗಡಿಯಾರ ಓಡಿಸಿ ಕೊನೆಗೆ ಅಟ್ಟದ ಮೇಲಿನ ತಗಡಿನ ಡಬ್ಬಿ ಸೇರುತ್ತೆ. ಎಸೆಯೋ ಮಾತೇ ಇಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಆ ಡಬ್ಬಿ ಇಳಿಸಿ ಮಲ್ಟಿಮೀಟರ್ ಹಿಡಿದು ಕೂತೆ. 23 ಸೆಲ್ ಇದ್ದವು. ನಾಲ್ಕು ಸೋರಿ ಬಿಳಿ ಪುಡಿಯಾಗಿದ್ದವು, ಅವನ್ನು ಬಿಡಿ. ಉಳಿದವುಗಳಲ್ಲಿ ಹೆಚ್ಚಿನವು 1.1ರಿಂದ 1.3 ವೋಲ್ಟ್ ತೋರಿಸಿದವು. ಹೊಸ ಸೆಲ್ಲಿಗೇ 1.5 ವೋಲ್ಟ್ ಇರೋದು. ಹಾಗಾದರೆ ಇವು ಸತ್ತಿವೆ ಅಂತ ಹೇಳಿದ್ದು ಯಾರು?

ಹೇಳಿದ್ದು ಟಾರ್ಚು. ಸೆಲ್ ಅಲ್ಲ.

ಬೇಸಿಗೆ ಬಂದರೆ ಪೇಪರಿನಲ್ಲಿ ಕೆಆರ್‌ಎಸ್ ನೀರಿನ ಮಟ್ಟ ಬರುತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ತುಂಬಿದರೆ 124.80 ಅಡಿ, ಸುಮಾರು 49 ಟಿಎಂಸಿ. ಆದರೆ ಅದರಲ್ಲಿ ನಾಲ್ಕು ಚಿಲ್ಲರೆ ಟಿಎಂಸಿ ತೂಬಿನ ಮಟ್ಟಕ್ಕಿಂತ ಕೆಳಗಿರೋ ನೀರು. ಅದಕ್ಕೆ ಡೆಡ್ ಸ್ಟೋರೇಜ್ ಅಂತಾರೆ. ನೀರು ಇದೆ, ಕಣ್ಣಿಗೆ ಕಾಣುತ್ತೆ, ಆದರೆ ತಾನಾಗಿ ನಾಲೆಗೆ ಹರಿಯಲ್ಲ. ಬೇಕು ಅಂದರೆ ಎತ್ತಬೇಕು. ನಮ್ಮ ಹಿರಿಯರು ಹೊಲಕ್ಕಿಂತ ತಗ್ಗಿನಲ್ಲಿರೋ ನೀರನ್ನು ಏತ ಕಟ್ಟಿ ಎತ್ತುತ್ತಿದ್ದರಲ್ಲ, ಹಾಗೆ. ಒಂದೊಂದೇ ಬಾನಿ.

ಟಾರ್ಚಿನ ತೂಬು ಯಾವುದು ಅಂದರೆ ಅದರ ಎಲ್‌ಇಡಿ. ಹಳೇ ತಂತಿ ಬಲ್ಬಿಗೆ ಇಂಥ ತೂಬು ಇರಲಿಲ್ಲ. ವೋಲ್ಟೇಜ್ ಇಳಿದ ಹಾಗೆ ಹಳದಿಯಾಗಿ, ಕೆಂಪಾಗಿ, ಕೊನೇ ಉಸಿರಿನ ತನಕ ಮಿಣಮಿಣ ಅನ್ನುತ್ತಿತ್ತು. ಎಲ್‌ಇಡಿ ಡಯೋಡು. ಅದಕ್ಕೊಂದು ಹೊಸ್ತಿಲಿದೆ. ಕೆಂಪು ಎಲ್‌ಇಡಿಗೆ ಸುಮಾರು 1.8 ವೋಲ್ಟ್ ಸಾಕು. ಬಿಳಿಯದು ಅಸಲಿಗೆ ನೀಲಿ ಎಲ್‌ಇಡಿ, ಮೇಲೆ ಹಳದಿ ಫಾಸ್ಫರ್ ಬಳಿದದ್ದು. (ಆ ನೀಲಿಯನ್ನು ಸಾಧಿಸಿದ್ದಕ್ಕೇ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ 2014ರ ಭೌತಶಾಸ್ತ್ರ ನೊಬೆಲ್.) ಅದಕ್ಕೆ 3 ವೋಲ್ಟಿನ ಮೇಲೇ ಬೇಕು. ಎರಡು ಸೆಲ್ಲಿನ ಟಾರ್ಚಿನಲ್ಲಿ ಒಂದೊಂದೂ 1.3ಕ್ಕೆ ಇಳಿದರೆ ಒಟ್ಟು 2.6. ಬೆಳಕು ಬಹುಪಾಲು ಹೋಯ್ತು ಅಂತಲೇ ಲೆಕ್ಕ. ಅಜ್ಜಿ ಶೆಲ್ಲು ತೆಗೆದು ಪಕ್ಕಕ್ಕಿಡುತ್ತಾಳೆ.

ಎಷ್ಟು ಉಳಿದಿರುತ್ತೆ ಅನ್ನೋದರಲ್ಲಿ ಮಾತ್ರ ಮೋಸ ಹೋಗಬೇಡಿ. "ಬಿಸಾಡೋ ಸೆಲ್ಲಿನಲ್ಲಿ 80 ಪರ್ಸೆಂಟ್ ಶಕ್ತಿ ಇರುತ್ತೆ" ಅಂತ ಜಾಹೀರಾತಿನ ಥರ ಹೇಳೋರು ಸಿಗ್ತಾರೆ. ಆಲ್ಕಲೈನ್ ಸೆಲ್ಲಿನ ಡೇಟಾಶೀಟ್ ತೆಗೆದು ಡಿಸ್ಚಾರ್ಜ್ ಗ್ರಾಫ್ ನೋಡಿ. ಸಣ್ಣ ಕರೆಂಟ್ ಎಳೆಯುವಾಗ ವೋಲ್ಟೇಜ್ ನಿಧಾನಕ್ಕೆ ಇಳಿಜಾರಾಗಿ ಬರುತ್ತೆ, 1.1ರ ಹತ್ತಿರ ಬರುವಷ್ಟರಲ್ಲಿ ಹೆಚ್ಚುಭಾಗ ಖರ್ಚಾಗಿರುತ್ತೆ. ಉಳಿದದ್ದು ಕಾಲು ಭಾಗ ಅಂತಿಟ್ಟುಕೊಂಡರೂ ಒಂದು ಡಬಲ್-ಎ ಆಲ್ಕಲೈನಿನಲ್ಲಿ 500 ಮಿಲಿಆಂಪ್-ಅವರ್ ಆಸುಪಾಸು. 50 ಮಿಲಿಆಂಪ್ ಎಳೆದರೆ ಹತ್ತು ಗಂಟೆ ಬೆಳಕು. ಅಗ್ಗದ ಜಿಂಕ್-ಕಾರ್ಬನ್ ಸೆಲ್ಲಿನಲ್ಲಿ ಇದಕ್ಕಿಂತ ಬಹಳ ಕಡಿಮೆ. ಪವಾಡ ಅಲ್ಲ, ಆದರೆ ಕತ್ತಲಲ್ಲಿ ಹತ್ತು ಗಂಟೆ ಅಂದರೆ ಕಡಿಮೆಯೂ ಅಲ್ಲ.

ಇನ್ನೊಂದು ಮೋಸ ಮಲ್ಟಿಮೀಟರಿನದು. ಸುಮ್ಮನೆ ಎರಡು ತುದಿಗೆ ಹಿಡಿದರೆ ಕಾಣೋದು ಲೋಡ್ ಇಲ್ಲದ ವೋಲ್ಟೇಜ್. ಒಂದು ಸೆಲ್ 1.32 ತೋರಿಸಿತು. 10 ಓಮ್ ರೆಸಿಸ್ಟರ್ ಜೋಡಿಸಿ ನೋಡಿದರೆ 1.10. ಅಂದರೆ 0.11 ಆಂಪ್ ಹರಿಯುವಾಗ 0.22 ವೋಲ್ಟ್ ಸೆಲ್ಲಿನ ಒಳಗೇ ಬಿದ್ದುಹೋಯ್ತು. ಒಳಗಿನ ರೋಧ 2 ಓಮ್. ಸೆಲ್ ಮುದಿಯಾದ ಹಾಗೆ ಈ ರೋಧ ಏರುತ್ತೆ. ಅಜ್ಜಿಯ ಬಿಸಿಲು ಕಾಯಿಸೋ ವಿದ್ಯೆಯ ಗುಟ್ಟೂ ಇಲ್ಲೇ ಇದೆ. ಬಿಸಿಲು ಸೆಲ್ಲಿಗೆ ಚಾರ್ಜ್ ತುಂಬಲ್ಲ. ಶಾಖಕ್ಕೆ ಒಳಗಿನ ರಾಸಾಯನಿಕ ಚಲನೆ ಚುರುಕಾಗಿ ರೋಧ ಕಮ್ಮಿಯಾಗುತ್ತೆ, ಜೊತೆಗೆ ಒಂದು ದಿನದ ವಿಶ್ರಾಂತಿಯೂ ಸಿಗುತ್ತೆ. ಇದ್ದದ್ದೇ ಸ್ವಲ್ಪ ಸಲೀಸಾಗಿ ಹೊರಬರುತ್ತೆ, ಅಷ್ಟೇ.

ಏತ ಕಟ್ಟೋ ಕೆಲಸ

ಈಗ ಏತದ ವಿಷಯ. ಈ ಸರ್ಕ್ಯೂಟಿನ ಹೆಸರು ಜೂಲ್ ಥೀಫ್. ದೇವ್ ಆನಂದ್ ಸಿನಿಮಾ ನೆನಪಾಯ್ತಾ? ಇಂಗ್ಲಿಷಿನಲ್ಲಿ ಅದೇ ಉಚ್ಚಾರದ ಶ್ಲೇಷೆ ಇದು, ಕದಿಯೋದು ಮಾತ್ರ ಒಡವೆ ಅಲ್ಲ, ಜೂಲ್. 1999ರ ನವೆಂಬರಿನಲ್ಲಿ ಬ್ರಿಟನ್ನಿನ 'ಎವ್ರಿಡೇ ಪ್ರ್ಯಾಕ್ಟಿಕಲ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಓದುಗರ ಅಂಕಣಕ್ಕೆ ಝಡ್. ಕಪಾರ್ನಿಕ್ ಅನ್ನೋರು ಒಂದೇ ಸೆಲ್ಲಿನಿಂದ ಎಲ್‌ಇಡಿ ಹೊತ್ತಿಸೋ ಪುಟ್ಟ ಸರ್ಕ್ಯೂಟ್ ಕಳಿಸಿದ್ದರು. ಬಿಳಿ ಎಲ್‌ಇಡಿ ಆಗಷ್ಟೇ ಮಾರುಕಟ್ಟೆಗೆ ಬರ್ತಿದ್ದ ಕಾಲ. ಆಮೇಲೆ ಕ್ಲೈವ್ ಮಿಚೆಲ್ ಅದಕ್ಕೆ ಈ ಕಳ್ಳನ ಹೆಸರಿಟ್ಟರು. ಒಳಗಿರೋ ತತ್ವ ಇನ್ನೂ ಹಳೇದು, ನಿಮ್ಮ ಪುಸ್ತಕದ ಬ್ಲಾಕಿಂಗ್ ಆಸಿಲೇಟರ್.

ಬೇಕಾಗಿರೋದು ನಾಲ್ಕೇ ಸಾಮಾನು. ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್, 1 ಕಿಲೋಓಮ್ ರೆಸಿಸ್ಟರ್, ಬಿಳಿ ಎಲ್‌ಇಡಿ, ಒಂದು ಫೆರೈಟ್ ರಿಂಗು. ಬೆಂಗಳೂರಿನವರು ಎಸ್‌ಪಿ ರೋಡಿಗೆ ಹೋಗಬಹುದು. ಆದರೆ ರಿಂಗಿಗೆ ದುಡ್ಡು ಕೊಡೋದು ಬೇಡ. ಕೆಟ್ಟ ಸಿಎಫ್‌ಎಲ್ ಬಲ್ಬಿನ ಬುಡದ ಬೋರ್ಡಿನಲ್ಲಿ ಬಟಾಣಿಗಿಂತ ಸ್ವಲ್ಪ ದೊಡ್ಡ ಫೆರೈಟ್ ರಿಂಗ್ ಸಾಮಾನ್ಯವಾಗಿ ಇರುತ್ತೆ. ಬುಡ ಬಿಚ್ಚುವಾಗ ಗಾಜಿನ ಕೊಳವೆ ಒಡೆಯಬಾರದು, ಒಳಗೆ ಪಾದರಸ ಇದೆ. ಬೋರ್ಡಿನ ದಪ್ಪ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು, ಬಲ್ಬ್ ತೆಗೆದ ಕೂಡಲೇ ಬೆರಳು ಹಾಕಬೇಡಿ. ಹಳೇ ಕಂಪ್ಯೂಟರ್ ಪವರ್ ಸಪ್ಲೈನಲ್ಲಿ ಹಳದಿ ಬಣ್ಣ ಬಳಿದು ಒಂದು ಮುಖ ಬಿಳಿ ಇರೋ ದೊಡ್ಡ ರಿಂಗ್ ಸಿಗುತ್ತಲ್ಲ, ಅದು ಫೆರೈಟ್ ಅಲ್ಲ, ಕಬ್ಬಿಣದ ಪುಡಿಯದು. ಅದರಲ್ಲೂ ನಡೆಯುತ್ತೆ, ಆದರೆ ಸುತ್ತು ಜಾಸ್ತಿ ಬೇಕು, ಜೇಬಿಗೂ ಭಾರ.

ತಂತಿಗೆ ನಾನು ಊರಿನ ಮೋಟಾರ್ ರೀವೈಂಡಿಂಗ್ ಅಂಗಡಿಗೆ ಹೋಗಿದ್ದೆ. ಕೂದಲಿಗಿಂತ ಸ್ವಲ್ಪ ದಪ್ಪದ ಎನಾಮೆಲ್ ತಂತಿ ಕೈತುಂಬ ಪುಕ್ಕಟೆ ಸಿಕ್ಕಿತು. ರಿಂಗ್ ದೊಡ್ಡದಿದ್ದರೆ ಲ್ಯಾನ್ ಕೇಬಲ್ಲಿನ ಒಂದು ಜೋಡಿಯೇ ಸಾಕು, ಎರಡು ಬಣ್ಣ ಇರೋದರಿಂದ ಗೊಂದಲವೂ ಇಲ್ಲ.

ಸುತ್ತೋದು ಹೀಗೆ. ಎರಡು ತಂತಿ ಒಟ್ಟಿಗೆ ಹಿಡಿದು, ಒಂದು ಕೆಂಪು ಒಂದು ಹಸಿರು ಅಂತಿಟ್ಟುಕೊಳ್ಳಿ, ರಿಂಗಿನ ಒಳಗೆ ಹಾಕಿ ಹೊರಗೆ ತೆಗೆದು ಹತ್ತು ಹನ್ನೆರಡು ಸುತ್ತು. ಈಗ ಶುರುವಿನ ಕಡೆ ಎರಡು ತುದಿ, ಕೊನೆಯ ಕಡೆ ಎರಡು ತುದಿ. ಕೆಂಪಿನ ಶುರು ಮತ್ತು ಹಸಿರಿನ ಕೊನೆ, ಇವೆರಡನ್ನು ಸೇರಿಸಿ ಸೆಲ್ಲಿನ ಪ್ಲಸ್ಸಿಗೆ ಕೊಡಿ. ಉಳಿದ ಕೆಂಪು ತುದಿ ಕಲೆಕ್ಟರಿಗೆ. ಉಳಿದ ಹಸಿರು ತುದಿ ರೆಸಿಸ್ಟರ್ ಮೂಲಕ ಬೇಸಿಗೆ. ಎಮಿಟರ್ ಸೆಲ್ಲಿನ ಮೈನಸ್ಸಿಗೆ. ಎಲ್‌ಇಡಿಯ ಉದ್ದ ಕಾಲು ಕಲೆಕ್ಟರಿಗೆ, ಗಿಡ್ಡ ಕಾಲು ಎಮಿಟರಿಗೆ. ಮುಗೀತು.

ಮುಗೀತು ಅಂದೆ, ಆದರೆ ನನ್ನದು ಮೂರು ದಿನ ಹೊತ್ತಲಿಲ್ಲ. ಮೊದಲನೇ ದಿನದ ತಪ್ಪು ಎನಾಮೆಲ್. ತಾಮ್ರದ ಬಣ್ಣವೇ ಕಾಣುತ್ತಲ್ಲ ಅಂತ ಕೆರೆಯದೇ ಸೋಲ್ಡರ್ ಮಾಡಿದ್ದೆ, ಅದು ಬಣ್ಣ ಅಲ್ಲ, ಪಾರದರ್ಶಕ ಇನ್ಸುಲೇಶನ್. ಎರಡನೇ ದಿನ ಕೆಂಪು-ಹಸಿರು ಎರಡರ ಶುರುವನ್ನೂ ಒಂದೇ ಕಡೆ ಸೇರಿಸಿಬಿಟ್ಟಿದ್ದೆ. ಹಾಗೆ ಮಾಡಿದರೆ ಫೀಡ್‌ಬ್ಯಾಕ್ ಉಲ್ಟಾ, ಸರ್ಕ್ಯೂಟ್ ಸುಮ್ಮನೆ ಕೂರುತ್ತೆ. ಮೂರನೇ ದಿನದ್ದು ಟ್ರಾನ್ಸಿಸ್ಟರಿನ ಕಾಲು. ಬಿಸಿ547 ಅಥವಾ ಬಿಸಿ337ರ ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪಿಎನ್2222ನಲ್ಲಿ ಸರಿಯಾಗಿ ತಿರುಗಾಮುರುಗಾ. ನೋಡೋಕೆ ಎರಡೂ ಅವಳಿ-ಜವಳಿ. ನನ್ನ ಮಾತು ಕೇಳೋದಾದರೆ ಬಿಸಿ337 ಹಾಕಿ. ಲ್ಯಾಬಿನಲ್ಲಿ ಬೇಕಾದಷ್ಟು ಸಿಗೋ ಬಿಸಿ547ರ ಮಿತಿ 100 ಮಿಲಿಆಂಪ್, ಇಲ್ಲಿ ಕರೆಂಟ್ ಆ ಅಂಚಿಗೇ ಹೋಗಿ ನಿಲ್ಲುತ್ತೆ.

ಒಳಗೆ ಏನಾಗುತ್ತೆ? ಸ್ವಿಚ್ ಹಾಕಿದಾಗ ಹಸಿರು ಸುತ್ತು, ರೆಸಿಸ್ಟರ್ ದಾಟಿ ಬೇಸಿಗೆ ಒಂಚೂರು ಕರೆಂಟ್ ಹೋಗುತ್ತೆ. ಟ್ರಾನ್ಸಿಸ್ಟರ್ ಅರೆಗಣ್ಣು ಬಿಡುತ್ತೆ. ಕೆಂಪು ಸುತ್ತಿನಲ್ಲಿ ಕರೆಂಟ್ ಏರೋಕೆ ಶುರು. ಅದರ ಕಾಂತಕ್ಷೇತ್ರ ಬದಲಾಗೋದರಿಂದ ಹಸಿರು ಸುತ್ತಿನಲ್ಲಿ ವೋಲ್ಟೇಜ್ ಹುಟ್ಟಿ ಬೇಸನ್ನು ಇನ್ನಷ್ಟು ದೂಡುತ್ತೆ. ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಳ್ಳುತ್ತೆ. ಕರೆಂಟ್ ಏರುತ್ತಾ ಏರುತ್ತಾ ಒಂದು ಹಂತದಲ್ಲಿ ರಿಂಗ್ ಸ್ಯಾಚುರೇಟ್ ಆಗುತ್ತೆ, ಇಲ್ಲವೇ ಬೇಸ್ ಕರೆಂಟಿಗೆ ಅಷ್ಟು ಹೊರೆ ಎಳೆಯೋಕೆ ಆಗಲ್ಲ. ಏರಿಕೆ ನಿಧಾನ ಆದ ತಕ್ಷಣ ಹಸಿರು ಸುತ್ತಿನ ಬೆಂಬಲ ಕುಸಿಯುತ್ತೆ, ಟ್ರಾನ್ಸಿಸ್ಟರ್ ಪಟ್ ಅಂತ ಮುಚ್ಚಿಕೊಳ್ಳುತ್ತೆ.

ಇಲ್ಲಿದೆ ಮಜಾ. ಕಾಯಿಲಿನಲ್ಲಿ ಹರಿಯೋ ಕರೆಂಟ್ ಒಂದೇ ಏಟಿಗೆ ಸೊನ್ನೆ ಆಗೋಕೆ ಒಪ್ಪಲ್ಲ. ಜೋರಾಗಿ ಹರಿಯೋ ನಲ್ಲಿಯನ್ನು ಫಕ್ಕನೆ ತಿರುಗಿಸಿ ನಿಲ್ಲಿಸಿದರೆ ಪೈಪು ಢಬ್ ಅನ್ನುತ್ತಲ್ಲ, ಅದೇ ಥರ. ಟ್ರಾನ್ಸಿಸ್ಟರ್ ದಾರಿ ಮುಚ್ಚಿರೋದರಿಂದ ಕಲೆಕ್ಟರಿನ ವೋಲ್ಟೇಜ್ ಏರುತ್ತಾ ಹೋಗಿ 3.2 ವೋಲ್ಟ್ ಹತ್ತಿರ ಎಲ್‌ಇಡಿಯ ಹೊಸ್ತಿಲು ದಾಟುತ್ತೆ. ಕಾಯಿಲಿನಲ್ಲಿ ಕೂಡಿಟ್ಟಿದ್ದೆಲ್ಲ ಎಲ್‌ಇಡಿಗೆ ಸುರಿಯುತ್ತೆ. ಖಾಲಿಯಾದ ಮೇಲೆ ಮತ್ತೆ ಮೊದಲಿಂದ. ಒಂದು ಬಾನಿ ಎತ್ತಿ ಸುರಿದ ಹಾಗೆ.

ಲೆಕ್ಕ ಹಾಕಿದರೆ ಖುಷಿಯಾಗುತ್ತೆ, ಹಾಕೋಣ. ಸೆಲ್ 1.2 ವೋಲ್ಟ್, ಕಾಯಿಲ್ 100 ಮೈಕ್ರೋಹೆನ್ರಿ, ಕರೆಂಟ್ 100 ಮಿಲಿಆಂಪ್ ಮುಟ್ಟಿದಾಗ ಟ್ರಾನ್ಸಿಸ್ಟರ್ ಮುಚ್ಚುತ್ತೆ ಅನ್ನಿ. ಟ್ರಾನ್ಸಿಸ್ಟರಿನಲ್ಲಿ ಬೀಳೋ 0.1 ಬಿಟ್ಟರೆ ಕಾಯಿಲಿಗೆ 1.1 ವೋಲ್ಟ್. ತುಂಬೋಕೆ ಸುಮಾರು 9 ಮೈಕ್ರೋಸೆಕೆಂಡ್. ಬಾನಿಯ ಅಳತೆ, ಅಂದರೆ ಅರ್ಧ ಎಲ್ ಐ ಸ್ಕ್ವೇರ್, ಅರ್ಧ ಮೈಕ್ರೋಜೂಲ್. ಖಾಲಿಯಾಗುವಾಗ ಕಾಯಿಲಿನ ಮೇಲೆ 3.2ರಲ್ಲಿ 1.2 ಕಳೆದು 2 ವೋಲ್ಟ್, 5 ಮೈಕ್ರೋಸೆಕೆಂಡ್. ಒಂದು ಸುತ್ತಿಗೆ 14 ಮೈಕ್ರೋಸೆಕೆಂಡ್, ಸೆಕೆಂಡಿಗೆ 70 ಸಾವಿರ ಬಾನಿ! ಇಷ್ಟು ವೇಗದ ಮಿಟುಕು ಕಣ್ಣಿಗೆ ಕಾಣಲ್ಲ. ಎಲ್‌ಇಡಿಗೆ ಸರಾಸರಿ 18 ಮಿಲಿಆಂಪ್, ಸೆಲ್ಲಿನಿಂದ ಸರಾಸರಿ 50. ವೋಲ್ಟೇಜ್ ಎರಡೂಮುಕ್ಕಾಲು ಪಟ್ಟು ಏರಿತು, ಕರೆಂಟ್ ಅಷ್ಟೇ ಇಳಿಯಿತು. ಹೆಸರಿಗೆ ಕಳ್ಳ, ಆದರೆ ಲೆಕ್ಕ ಪಕ್ಕಾ. ಕಾಗದದ ಮೇಲಿನ ಲೆಕ್ಕ ಇದು. ತಂತಿ, ರಿಂಗು, ಬೇಸ್ ರೆಸಿಸ್ಟರ್ ಎಲ್ಲ ತಮ್ಮ ಪಾಲು ತಿಂದು ಅರ್ಧದಿಂದ ಮೂರನೇ ಎರಡರಷ್ಟು ಬೆಳಕಿನ ಕಡೆ ಬಂದರೆ ಪುಣ್ಯ. ಸೆಲ್ಲಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಮುದಿ ಸೆಲ್ಲಿಗೆ ಕರೆಂಟಿನ ಏರಿಳಿತದ ಕಾಟ ಸ್ವಲ್ಪ ಕಮ್ಮಿ.

ಅಜ್ಜಿ ಆರಿಸಿದ್ದು

ಕಾಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿಯಲ್ಲಿ ಒಂದು ಸೆಲ್, ಒಂದು ಸ್ವಿಚ್ ಇಟ್ಟು ಸಿದ್ಧಮಾಡಿದೆ. ಹಾಸ್ಟೆಲ್ಲಿನಲ್ಲಿ ಅಟ್ಟದ ಸೆಲ್ಲುಗಳನ್ನು ಒಂದೊಂದಾಗಿ ಹಾಕಿ ಪರೀಕ್ಷೆ ಮಾಡಿದೆ. ರಾತ್ರಿ ಹಚ್ಚಿಟ್ಟದ್ದು ಬೆಳಿಗ್ಗೆಯೂ ಉರೀತಿತ್ತು. ಒಂದು ಸೆಲ್ ಅಂತೂ ಲೋಡಿನಲ್ಲಿ 0.5 ವೋಲ್ಟ್ ತೋರಿಸುವಾಗಲೂ ಮಿಣುಕುತ್ತಿತ್ತು. ಹೆಮ್ಮೆಯಿಂದ ಊರಿಗೆ ಒಯ್ದು ಅಜ್ಜಿಯ ಕೈಗೆ ಕೊಟ್ಟೆ, ಒಳಗೆ ಅವಳದ್ದೇ ಶೆಲ್ಲು.

ಆಗ ಮನೇಲಿ ಗಬ್ಬದ ಹಸು. ದಿನ ತುಂಬಿತ್ತು. ಎರಡನೇ ರಾತ್ರಿ ಜೋರು ಮಳೆ, ಕರೆಂಟ್ ಇಲ್ಲ. ಅಜ್ಜಿ ಯಾರನ್ನೂ ಎಬ್ಬಿಸದೆ ನನ್ನ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿದ್ದಾಳೆ. ಹಸು ನೋಡಿದ್ದಾಳೆ. ಅಲ್ಲೇ ಸ್ವಲ್ಪ ಹೊತ್ತು ಕೂರಬೇಕು ಅಂತ, ಶೆಲ್ಲು ಉಳೀಲಿ ಅನ್ನೋ ಜೀವಮಾನದ ಅಭ್ಯಾಸದಲ್ಲಿ, ಟಾರ್ಚ್ ಆರಿಸಿದ್ದಾಳೆ. ಮತ್ತೆ ಹಾಕಿದರೆ ಹೊತ್ತಿಲ್ಲ. ಕತ್ತಲಲ್ಲೇ ವಾಪಸ್ ಬರುವಾಗ ಅಂಗಳದ ಪಾಚಿಗೆ ಜಾರಿ ಬಿದ್ದಳು. ಬೆಳಿಗ್ಗೆ ನೋಡಿದರೆ ಮಣಿಕಟ್ಟು ಬಾತುಕೊಂಡಿತ್ತು. ಮೂಳೆ ಮುರಿದಿರಲಿಲ್ಲ ಅನ್ನೋದೇ ಸಮಾಧಾನ.

"ಚೆನ್ನಾಗೇ ಉರೀತಿತ್ತು ಮಗಾ. ಆರಿಸಿದ್ದೇ ತಪ್ಪಾಯ್ತು ನೋಡು" ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾಪಸ್ ಬಂದು ಲ್ಯಾಬಿನಲ್ಲಿ ಸೆಲ್ ಬದಲು ಬೆಂಚ್ ಪವರ್ ಸಪ್ಲೈ ಹಾಕಿ ವೋಲ್ಟೇಜ್ ನಿಧಾನಕ್ಕೆ ಇಳಿಸುತ್ತಾ ಬಂದೆ. 0.4 ವೋಲ್ಟ್ ಹತ್ತಿರದವರೆಗೂ ಮಂಕಾಗಿ ಉರಿಯುತ್ತೆ. ಆದರೆ 0.5ರಲ್ಲಿ ಒಮ್ಮೆ ಆಫ್ ಮಾಡಿದರೆ ಮತ್ತೆ ಹೊತ್ತಲ್ಲ. 0.6ರ ಮೇಲೆ ಏರಿಸಿದಾಗಲೇ ಮತ್ತೆ ಜೀವ. ಅಜ್ಜಿ ಒಂದೇ ಮಾತಲ್ಲಿ ಹೇಳಿದ್ದು ಇದನ್ನೇ.

ಕಾರಣ ಸರಳ, ನನಗೆ ಮೊದಲೇ ಹೊಳೆಯಬೇಕಿತ್ತು. ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್ ತೆರೆಯೋಕೆ 0.6 ವೋಲ್ಟ್ ಆಸುಪಾಸು ಬೇಕು. ಓಡುತ್ತಿರುವಾಗ ಬೇಸಿಗೆ ಸೆಲ್ಲಿನ ವೋಲ್ಟೇಜ್ ಜೊತೆಗೆ ಹಸಿರು ಸುತ್ತಿನದೂ ಸೇರುತ್ತೆ. ಎರಡೂ ಸುತ್ತು ಸಮ ಇರೋದರಿಂದ ಹೆಚ್ಚುಕಮ್ಮಿ ಇಮ್ಮಡಿ. 0.4 ಕೂಡಿಸು 0.4, 0.8, ಸಾಕು. ನಿಂತಿರೋ ಸರ್ಕ್ಯೂಟಿಗೆ ಆ ಬೆಂಬಲ ಎಲ್ಲಿಂದ ಬರಬೇಕು? ಬರೀ ಸೆಲ್ಲಿನದ್ದೇ 0.5. ಬೇಸ್ ಕಣ್ಣೇ ಬಿಡಲ್ಲ. ಹಸಿರು ಸುತ್ತು ಹೆಚ್ಚಿಸಿದರೆ ಇನ್ನೂ ಕೆಳಗಿನ ವೋಲ್ಟೇಜಿನಲ್ಲಿ ಓಡಬಹುದು, ಆದರೆ ಶುರುವಾಗೋ ಮಿತಿ ಹಾಗೇ ಇರುತ್ತೆ. ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕಿದರೆ 0.3ರ ಆಸುಪಾಸಿನಲ್ಲೇ ಶುರುವಾಗುತ್ತೆ. ಹಳೇ ಎಸಿ128 ಸಿಕ್ಕರೆ ಪ್ರಯತ್ನಿಸಿ, ಅದು ಪಿಎನ್‌ಪಿ, ಸೆಲ್ಲು ಎಲ್‌ಇಡಿ ಎರಡನ್ನೂ ತಿರುಗಿಸಬೇಕು. ಈಗ ಅವು ಸಿಗೋದೇ ಕಷ್ಟ.

ನಾನು ಪರೀಕ್ಷೆ ಮಾಡಿದ್ದು ಉರಿಯುತ್ತಾ ಅಂತ. ಮಾಡಬೇಕಾಗಿದ್ದು ಹೊತ್ತುತ್ತಾ ಅಂತ.

ಈಗ ಕ್ರಮ ಬದಲಾಗಿದೆ. ಸೆಲ್ಲಿಗೆ 10 ಓಮ್ ಹಾಕಿ ಅರ್ಧ ನಿಮಿಷ ಬಿಟ್ಟು ಅಳೆಯೋದು. 0.9 ವೋಲ್ಟಿಗಿಂತ ಮೇಲಿದ್ದರೆ ಮಾತ್ರ ಕೈಯಲ್ಲಿ ಹಿಡಿದು ಓಡಾಡೋ ಟಾರ್ಚಿಗೆ. ಆಮೇಲೆ ಹತ್ತು ಸಲ ಹಚ್ಚಿ ಆರಿಸಿ ನೋಡೋದು. ಅದಕ್ಕಿಂತ ಕೆಳಗಿನವು ಆರಿಸುವ ಪ್ರಮೇಯವೇ ಇಲ್ಲದ ಕಡೆ: 1 ಕಿಲೋಓಮ್ ಬದಲು 4.7 ಹಾಕಿದ, ಸ್ವಿಚ್ಚೇ ಇಲ್ಲದ ದೀಪ. ಬೆಳಕು ಕಮ್ಮಿ, ಬಾಳಿಕೆ ಜಾಸ್ತಿ, ಕತ್ತಲಲ್ಲಿ ಬಾಗಿಲ ಚಿಲಕ ಹುಡುಕೋಕೆ ಧಾರಾಳ. ಮತ್ತೆ, ಬೆಳಕು ಎಷ್ಟೇ ಚೆನ್ನಾಗಿರಲಿ, ಮಳೆಗಾಲದಲ್ಲಿ ತೋಟಕ್ಕೆ ಹೋಗೋರ ಕೈಗೆ ಇದನ್ನು ಕೊಡಬೇಡಿ. 18 ಮಿಲಿಆಂಪ್ ಬೆಳಕಿಗೆ ಕಾಲ ಬಳಿ ಇರೋ ಕಲ್ಲು ಕಾಣುತ್ತೆ, ನಾಲ್ಕು ಮಾರು ಆಚೆ ಮಲಗಿರೋ ಹಾವು ಕಾಣಲ್ಲ.

ಮಾಡೋಕೆ ಹೊರಟವರಿಗೆ ಇನ್ನೆರಡು ಮಾತು. ಎಲ್‌ಇಡಿ ಕಳಚಿ ಸರ್ಕ್ಯೂಟ್ ಓಡಿಸಬೇಡಿ. ಸುರಿಯೋಕೆ ಜಾಗ ಇಲ್ಲದೆ ಕಲೆಕ್ಟರ್ ವೋಲ್ಟೇಜ್ ಎಲ್ಲಿಗೋ ಏರಿ ಟ್ರಾನ್ಸಿಸ್ಟರ್ ಹೋಗಬಹುದು. ಪೂರ್ತಿ ಹಿಂಡಿದ ಸೆಲ್ ಸೋರೋ ಸಾಧ್ಯತೆ ಜಾಸ್ತಿ. ಆಲ್ಕಲೈನಿನಿಂದ ಬರೋದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಚರ್ಮಕ್ಕೂ ಕಣ್ಣಿಗೂ ಕೆಟ್ಟದ್ದು. ದೀಪ ಆರಿದ ದಿನವೇ ಸೆಲ್ ತೆಗೆದುಬಿಡಿ. ರೀಚಾರ್ಜ್ ಆಗೋ ಸೆಲ್ ಮಾತ್ರ ಇದಕ್ಕೆ ಹಾಕಲೇಬೇಡಿ. ನಿಕಲ್ ಸೆಲ್ಲನ್ನು ಇಷ್ಟು ಕೆಳಗೆ ಇಳಿಸಿದರೆ ಅದರ ಆಯಸ್ಸು ಹೋಗುತ್ತೆ, ಲಿಥಿಯಂ ಸೆಲ್ಲಿನ ಜೊತೆ ಈ ಆಟ ಅಪಾಯ.

ಅಜ್ಜಿಯ ಟಾರ್ಚಿನಲ್ಲಿ ಈಗ ಹೊಸ ಶೆಲ್ಲು ಇದೆ, ಕೊಟ್ಟಿಗೆ ಬಾಗಿಲ ಮೊಳೆಗೆ ನೇತುಬಿದ್ದಿದೆ. ಸ್ವಿಚ್ಚಿಲ್ಲದ ದೀಪ ನಮ್ಮ ಹಾಸ್ಟೆಲ್ ಕಾರಿಡಾರಿನ ಕೊನೆಯಲ್ಲಿ, ಬಾತ್‌ರೂಮ್ ಬಾಗಿಲ ಮೇಲೆ ಅಂಟಿಸಿದ್ದೀನಿ. ಅಟ್ಟದ ಡಬ್ಬಿಯ ಏಳನೇ ಸೆಲ್, ಇವತ್ತಿಗೆ ಮೂರನೇ ರಾತ್ರಿ. ಸಂಜೆ ಅಳೆದಾಗ 0.58 ಇತ್ತು. ಯಾರೂ ಸೆಲ್ ಅಲುಗಾಡಿಸದಿದ್ದರೆ ನಾಳೆವರೆಗೂ ಉರಿಯುತ್ತೆ.